ಹನ್ನೆರಡರ ಕೆಳಗೆ

ಡ್ರೈವರ್ ನಾಲ್ಕನೇ ಸಲ ಕೀ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ಐದನೇ ಸಲಕ್ಕೆ ಆ ಸದ್ದೂ ಬರಲಿಲ್ಲ. ಹಿಂದಿನಿಂದ ಹಾರ್ನು ಕೇಳಿಸಿತು. ಒಂದೇ ಒಂದು ಸಲ, ಮೆಲ್ಲಗೆ. ಹೆಣ ಒಯ್ಯುವ ವ್ಯಾನಿನವನಿಗೂ ಹಾರ್ನು ಹೊಡೆಯಲು ಸಂಕೋಚವಾಗಿರಬೇಕು.

ಮಗಳ ಮನೆಯ ಓಣಿ ಇದ್ದುದೇ ಒಂದು ಗಾಡಿಯ ಅಗಲ. ಆ ಅಗಲವನ್ನೆಲ್ಲ ಅವನ ಮನೆಗಾಡಿ, ಸೀಟು ಕಿತ್ತು ಮನೆ ಮಾಡಿಕೊಂಡ ಹಳೇ ಬಸ್ಸು, ನುಂಗಿ ಕೂತಿತ್ತು. ಐದು ದಿನದ ಹಿಂದೆ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ ಗಾಬರಿಯಲ್ಲಿ ತಂದು ಗೋಡೆಗೆ ಒತ್ತಿ ನಿಲ್ಲಿಸಿದವನು ಪಾರ್ಕಿಂಗ್ ದೀಪ ಆರಿಸುವುದನ್ನು ಮರೆತಿದ್ದ. ಸೈಕಲ್ಲು, ಸ್ಕೂಟರು ಹೇಗೋ ನುಸುಳಿಕೊಂಡು ಓಡಾಡಿದ್ದವು. ಈಗ ವ್ಯಾನು ಒಳಗೆ ಬರಬೇಕು. ಮನೆಯೊಳಗೆ ನಡುಮನೆಯಲ್ಲಿ ಹೆಂಡತಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನದವರು ಹೊತ್ತು ಕೊಟ್ಟಿದ್ದರು.

"ಮಾವ, ಹೊತ್ಕೊಂಡೇ ಓಣಿ ತುದಿವರೆಗೆ ಹೋಗಿಬಿಡೋಣ," ಎಂದ ಅಳಿಯ ಕಿಟಕಿಯ ಹತ್ತಿರ ಬಂದು.

"ಗಾಡಿಗೂ ಗೋಡೆಗೂ ಮಧ್ಯ ಎಲ್ಲಿದೆ ಜಾಗ?" ಬಾಗಿಲಲ್ಲಿ ನಿಂತ ಮಗಳು ಕೇಳಿದಳು. "ಅಮ್ಮನ್ನ ಬೀರು ಸಾಗಿಸೋ ಹಾಗೆ ಓರೆ ಮಾಡಿ ತೂರಿಸ್ತೀರಾ? ಅಪ್ಪ, ನೀನು ಈ ಡಬ್ಬಾನ ಇವತ್ತಾದ್ರೂ ಅಮ್ಮನ ದಾರಿಯಿಂದ ತೆಗಿ."

ಮೂವತ್ತೆರಡು ವರ್ಷ ಬಸ್ಸು ಓಡಿಸಿದವನು ಡ್ರೈವರ್. ಚಕ್ರ, ಬ್ರೇಕು, ಗೇರು ಇವುಗಳ ಸದ್ದು ಕೇಳಿಯೇ ಯಾವುದಕ್ಕೆ ಏನು ಜಡ್ಡೆಂದು ಹೇಳುತ್ತಿದ್ದ. ವೈರು ಎಂದರೆ ಮಾತ್ರ ತಲೆಬುಡ ತಿಳಿಯದು. ಅದು ಹೆಂಡತಿಯ ಕೆಲಸ. ಗಾಡಿಯ ಮಂಚದ ಕೆಳಗಿನ ಬ್ಯಾಟರಿ ಪೆಟ್ಟಿಗೆ ತೆರೆದು ನೋಡಿದ್ದ. ಕೆಂಪು, ಕಪ್ಪು, ಹಳದಿ ವೈರುಗಳು ಬಾಚಿ ಹೆಣೆದ ಜಡೆಯ ಹಾಗೆ ನೀಟಾಗಿ ಸಾಗಿದ್ದವು. ಎಲ್ಲಿ ಕೈಯಿಟ್ಟರೆ ಏನಾದೀತೋ ಎಂದು ಹೆದರಿ ಮುಚ್ಚಿಬಿಟ್ಟಿದ್ದ.

ಅಷ್ಟರಲ್ಲಿ ಫೋರ್‌ಮನ್ ಬಂದರು. ಡಿಪೋದಲ್ಲಿ ಗಂಡಹೆಂಡತಿ ಇಬ್ಬರಿಗೂ ಮೇಲಿನವರಾಗಿದ್ದವರು. ಎಂಬತ್ತು ದಾಟಿದೆ, ಬೆನ್ನು ಬಾಗಿದೆ, ಬಾಯಿ ಮಾತ್ರ ಇನ್ನೂ ವರ್ಕ್‌ಶಾಪಿನಲ್ಲೇ ಇದೆ.

"ಲೇ ಡ್ರೈವರ್, ಸತ್ತ ಎತ್ತಿಗೆ ಚಾಟಿ ಬೀಸ್ತಿದೀಯಲ್ಲೋ, ಇಳಿ ಕೆಳಗೆ," ಎಂದವರು ತಮ್ಮ ಮಾತು ತಮಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡರು. ಆಮೇಲೆ ಧ್ವನಿ ತಗ್ಗಿಸಿ, "ಇಂಜಿನ್ ಬ್ಯಾಟರಿ ಕುಂತಿದೆ. ಮನೆ ಬ್ಯಾಟರಿ ಬೇರೆ ಇರುತ್ತೆ ತಾನೇ? ಫ್ಯಾನು, ದೀಪ ಎಲ್ಲ ನಡೆಯೋದು ಅದರಲ್ಲಿ. ನಿನ್ನ ಹೆಂಡ್ತಿ ಮೀಟರಮ್ಮ ಎರಡನ್ನೂ ಜೋಡಿಸೋಕೆ ಒಂದು ಸ್ವಿಚ್ ಇಡದೆ ಇರೋಳಲ್ಲ. ಎಲ್ಲಿದೆ?"

"ಗೊತ್ತಿಲ್ಲ."

"ಆರು ವರ್ಷ ಇದರೊಳಗೇ ಸಂಸಾರ ಮಾಡಿದೀಯ!"

ಫೋರ್‌ಮನ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಬೇರೆಲ್ಲೂ ಹುಡುಕಲಿಲ್ಲ. ಡ್ರೈವರ್ ಕೂತಿದ್ದ ಸೀಟಿನ ಕೆಳಗೆ ಕೈಹಾಕಿ ತಡಕಿ, "ಇಲ್ಲೇ ಇದೆ," ಎಂದರು. ಎಡಗೈ ಇಳಿಬಿಟ್ಟರೆ ಬೆರಳಿಗೆ ತಾಗುವಷ್ಟು ಹತ್ತಿರ. ಸ್ವಿಚ್ಚಿನ ಪಕ್ಕ ಬಿಳಿ ಟೇಪು ಅಂಟಿಸಿ, ದುಂಡು ಅಕ್ಷರದಲ್ಲಿ ಬರೆದಿತ್ತು: ಇಂಜಿನ್ ಏಳದಿದ್ದರೆ ಒತ್ತಿ ಹಿಡಿಯಿರಿ. ಇಪ್ಪತ್ತು ಎಣಿಸಿ. ಆಮೇಲೆ ಕೀ. ಗಾಬರಿ ಬೇಡ.

ಡ್ರೈವರ್ ಒತ್ತಿ ಹಿಡಿದ. ಎಣಿಸಿದ. ಹದಿಮೂರಕ್ಕೆ ಎಣಿಕೆ ನಿಂತಿತು. ಉಳಿದದ್ದನ್ನು ಫೋರ್‌ಮನ್ ಎಣಿಸಿದರು. ಇಂಜಿನ್ ಎದ್ದಿತು.

*

ಅವಳಿಗೆ ಮೀಟರಮ್ಮ ಎಂದು ಹೆಸರಿಟ್ಟವರೂ ಫೋರ್‌ಮನ್ನೇ. ಡಿಪೋದ ಬ್ಯಾಟರಿ ರೂಮಿಗೆ ಕೆಲಸಕ್ಕೆ ಬಂದ ಮೊದಲ ಹೆಂಗಸು ಅವಳು. ಮೊಣಕಾಲಿನವರೆಗಿನ ರಬ್ಬರ್ ಏಪ್ರನ್ನು, ಮೊಣಕೈಯವರೆಗಿನ ಗ್ಲೌಸು, ಆಸಿಡ್ ಸಿಡಿದು ತೂತುತೂತಾದ ತೋಳಿನ ಬಟ್ಟೆ, ಕತ್ತಿನಲ್ಲಿ ದಾರಕ್ಕೆ ಕಟ್ಟಿಕೊಂಡ ಮೀಟರು. ಯಾರು ಏನು ಹೇಳಿದರೂ ನಂಬುತ್ತಿರಲಿಲ್ಲ. ಮೀಟರಿನ ವೈರುಗಳ ತುದಿಯ ಎರಡು ಮುಳ್ಳನ್ನು ಬ್ಯಾಟರಿಗೆ ಇಟ್ಟು ನೋಡುವಳು, ಆಮೇಲೆ ಮಾತು.

ಡ್ರೈವರ್ ಅವಳನ್ನು ಮೊದಲು ಕಂಡದ್ದು ಬೆಳಗಿನ ಮೊದಲ ಟ್ರಿಪ್ಪಿಗೆ ಬಸ್ಸು ಏಳದಿದ್ದಾಗ. ಬ್ಯಾಟರಿ ರೂಮಿಗೆ ಹೋಗಿ ಕೂಗಾಡಿದ್ದ.

"ಎಂಥಾ ಬ್ಯಾಟರಿ ಹಾಕಿ ಕಳಿಸ್ತೀರ್ರೀ? ಮೂವತ್ತು ಜನ ಸ್ಟ್ಯಾಂಡಲ್ಲಿ ನನ್ನ ಬಯ್ತಿದಾರೆ."

ಅವಳು ಬಂದು ಮುಳ್ಳು ಇಟ್ಟಳು. "ಬ್ಯಾಟರಿಗೆ ಏನೂ ಆಗಿಲ್ಲ. ನಿನ್ನೆ ಒಳಗಿನ ದೀಪ ಆರಿಸದೆ ಹೋಗಿದೀರ."

"ಇಲ್ಲ, ಆರಿಸಿದ್ದೆ."

ಅವಳು ಬಸ್ಸು ಹತ್ತಿ ಸ್ವಿಚ್ಚು ತೋರಿಸಿದಳು. ಎಲ್ಲ ದೀಪದ ಸ್ವಿಚ್ಚುಗಳೂ ಹಾಕಿದಂತೆಯೇ ಕೆಳಗಿದ್ದವು. "ಇನ್ನೊಂದು ಸಲ ಹೇಳಿ," ಎಂದಳು. ನಗಲಿಲ್ಲ, ಬಯ್ಯಲೂ ಇಲ್ಲ. ಡ್ರೈವರ್ ಪೆಚ್ಚಾಗಿ ತಲೆ ಕೆರೆದುಕೊಂಡ. ಮುಂದಿನ ವಾರವೂ ದೀಪ ಆರಿಸದೆ ಹೋದ, ಈ ಸಲ ಬೇಕಂತಲೇ. ವರ್ಷದೊಳಗೆ ಮದುವೆಯಾಯಿತು.

ಅವನ ನಾಲಿಗೆಗೆ 'ಇಲ್ಲ' ಎಂಬುದು ಉಗುಳಿನಷ್ಟೇ ಸಲೀಸು. ಡಿಪೋದಲ್ಲಿ ಹತ್ತಾರು ಮೇಲಿನವರು, ನೂರಾರು ದೂರು. ಸ್ಟಾಪಲ್ಲಿ ನಿಲ್ಲಿಸಲಿಲ್ಲವಾ? ಇಲ್ಲ ಸಾರ್, ನಿಲ್ಲಿಸಿದ್ದೆ. ಕನ್ನಡಿ ಒಡೆದದ್ದು ನೀನಾ? ಇಲ್ಲ ಸಾರ್. ಮನೆಯಲ್ಲೂ ಹಾಗೇ. ಗ್ಯಾಸ್ ಹಚ್ಚಿಟ್ಟು ಮರೆತಿರಾ? ಇಲ್ಲ. ಅವಳು ಬಹಳಷ್ಟು ಸಲ ಮುಖ ನೋಡಿಯೇ ಕಂಡುಹಿಡಿದು, ಹೋಗಲಿ ಬಿಡಿ ಎನ್ನುತ್ತಿದ್ದಳು.

ಇಬ್ಬರಿಗೂ ನಿವೃತ್ತಿಯಾದ ವರ್ಷ ಡಿಪೋ ಒಂದು ಗಿಡ್ಡ ಬಸ್ಸನ್ನು ಹರಾಜಿಗೆ ಹಾಕಿತು. ಬೇರೆ ಯಾರೂ ಕೂಗದೆ ಅದು ಅವನ ಪಾಲಿಗೆ ಬಂತು. ಸೀಟು ಕಿತ್ತು ಮಂಚ, ಒಲೆ, ಕಪಾಟು ಕೂರಿಸಿದ್ದು ಅವನು. ಬೆಳಕು, ಗಾಳಿ, ನೀರಿನ ಪಂಪು ಎಲ್ಲಕ್ಕೂ ಜೀವ ಕೊಟ್ಟದ್ದು ಅವಳು. ಮೇಲೆ ಸೋಲಾರ್ ಹಲಗೆ, ಮಂಚದ ಕೆಳಗೆ ಎರಡು ದಪ್ಪ ಬ್ಯಾಟರಿ, ಬಾಗಿಲ ಪಕ್ಕ ದುಂಡನೆಯದೊಂದು ಮೀಟರು.

"ಇದೊಂದು ಕಲ್ತುಕೊಳ್ಳಿ ಸಾಕು," ಎಂದಿದ್ದಳು. "ಬ್ಯಾಟರಿ ಅಂದ್ರೆ ಬಾವಿ ಅಲ್ಲ, ಕೊಡ. ಬಿಸಿಲು ತುಂಬಿಸಿದಷ್ಟೇ ನಮಗೆ. ಅದರಲ್ಲೂ ಅರ್ಧ ಮಾತ್ರ ಬಗ್ಗಿಸಬೇಕು. ಮೀಟರಲ್ಲಿ ಹನ್ನೆರಡೂ ಮುಕ್ಕಾಲು ವೋಲ್ಟು ಅಂದ್ರೆ ತುಂಬಿದೆ. ಹನ್ನೆರಡರ ಕೆಳಗೆ ಇಳೀತು ಅಂದ್ರೆ ಟಿವಿ ಆರಿಸಿ, ಎಲ್ಲ ಆರಿಸಿ. ಇನ್ನೂ ಎಳೆದರೆ ಅದೇ ತಾನಾಗಿ ಎಲ್ಲಾನೂ ಕಟ್ ಮಾಡುತ್ತೆ. ದೀಪಾನೂ ಹೋಗುತ್ತೆ."

"ಅದೆಲ್ಲ ನಿನ್ನ ಇಲಾಖೆ ಕಣೇ. ನಾನು ಸ್ಟೀರಿಂಗಿನವನು."

"ನಾನಿಲ್ಲದಾಗ?"

"ನೀನೆಲ್ಲಿಗೆ ಹೋಗ್ತೀಯ ನನ್ನ ಬಿಟ್ಟು?"

ನಾಲ್ಕು ವರ್ಷ ಕೆರೆ ದಂಡೆ, ಸಮುದ್ರ ದಂಡೆ ಎಂದು ಅಲೆದರು. ಆಮೇಲೆ ಅವಳ ಮೂತ್ರಪಿಂಡ ಕೈಕೊಟ್ಟಿತು. ಅಷ್ಟು ವರ್ಷ ಸೀಸದ ಧೂಳು ಕುಡಿದದ್ದರಿಂದ ಇರಬಹುದಾ ಎಂದು ಕೇಳಿದ್ದಕ್ಕೆ ಡಾಕ್ಟರು ಇರಬಹುದು, ಇಲ್ಲದಿರಬಹುದು ಎಂದರು. ಹೊಟ್ಟೆಯೊಳಗೆ ಒಂದು ಕೊಳವೆ ಕೂರಿಸಿದರು. ದಿನಕ್ಕೆ ನಾಲ್ಕು ಸಲ ಒಂದೊಂದು ಬ್ಯಾಗು ಔಷಧಿ ನೀರನ್ನು ಉಗುರುಬೆಚ್ಚಗೆ ಮಾಡಿ ಅದರ ಮೂಲಕ ಹೊಟ್ಟೆಗೆ ಇಳಿಸಬೇಕು, ಹಳೆಯದನ್ನು ಹೊರಗೆ ಬಿಡಬೇಕು. ಕೊಳವೆಯ ತುದಿಗೆ ಬೆರಳು ತಾಗಿದರೂ ಸೋಂಕು ನೇರ ಹೊಟ್ಟೆಗೆ ಇಳಿಯುತ್ತದೆ. ಮಗಳು ಗಾಡಿ ಮಾರಿ ನಮ್ಮನೆಗೆ ಬನ್ನಿ ಎಂದು ಹಟ ಹಿಡಿದಳು. ಮೀಟರಮ್ಮ ಒಂದು ಹಾಳೆ ತೆಗೆದುಕೊಂಡು, ಬ್ಯಾಗು ಬಿಸಿ ಮಾಡುವ ತಟ್ಟೆಗೆ ಎಷ್ಟು ಕರೆಂಟು, ಫ್ಯಾನಿಗೆಷ್ಟು, ಬಿಸಿಲಿಂದ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ, "ಆಗುತ್ತೆ," ಎಂದಳು. ಎರಡು ವರ್ಷ ಆಯಿತು ಕೂಡ. ಒಂದು ಸಲವೂ ಸೋಂಕು ತಗುಲಲಿಲ್ಲ. ಆಸ್ಪತ್ರೆಯ ನರ್ಸು ಹೊಸ ರೋಗಿಗಳನ್ನು ಕರೆತಂದು, ಈಯಮ್ಮ ಕೈ ತೊಳೆಯೋದನ್ನ ನೋಡಿ ಕಲೀರಿ ಎನ್ನುತ್ತಿದ್ದಳು.

*

ಮಣ್ಣು ಮಾಡುವ ಕೆಲಸ ಬೇಗ ಮುಗಿಯಿತು. ಗುಂಡಿ ತೋಡುವವರಿಬ್ಬರು ಸಲಿಕೆ ಹಿಡಿದು ದೂರದಲ್ಲಿ ಕಾದಿದ್ದರು. ಜನ ಹಿಂದೆ ಸರಿಯುವ ಮೊದಲೇ ಶುರು ಮಾಡಿದರು. ಅವರಿಗೆ ಪಕ್ಕದಲ್ಲಿ ಇನ್ನೊಂದು ಗುಂಡಿಯ ಕೆಲಸವಿತ್ತು.

ಮನೆಗೆ ಬಂದು ಎಲ್ಲರೂ ಕೈಕಾಲು ತೊಳೆದು ನಡುಮನೆಯಲ್ಲಿ ಕೂತರು. ಪೆಟ್ಟಿಗೆ ಇದ್ದ ಜಾಗ ಮಾತ್ರ ಖಾಲಿ. ಅದರ ಮೇಲೆ ಯಾರೂ ಕಾಲಿಡಲಿಲ್ಲ. ಅಳಿಯ ಚಹಾ ತಂದುಕೊಟ್ಟ. ಸತ್ತವಳ ಅಕ್ಕ, ಮಗಳಿಗೆ ದೊಡ್ಡಮ್ಮ, ಮೂಗು ಒರೆಸಿಕೊಂಡು ಮಾತು ತೆಗೆದಳು.

"ಹಟ. ಚಿಕ್ಕಂದಿನಿಂದ ಅವಳಿಗೆ ಹಟ. ಈ ಸ್ಥಿತೀಲಿ ಊರೂರು ಅಲೀಬೇಡ್ವೇ ಅಂತ ಬಡ್ಕೊಂಡೆ. ಕೈ ಸರಿಯಾಗಿ ತೊಳೀದೆ ಟ್ಯೂಬು ಮುಟ್ಟಿದಾಳೆ. ತಾನಾಗಿ ತಂದ್ಕೊಂಡ ಸಾವು."

"ಹಾಗನ್ನಬೇಡ ದೊಡ್ಡಮ್ಮ," ಎಂದಳು ಮಗಳು. ಅವಳ ದನಿಯಲ್ಲಿ ಬಲವಿರಲಿಲ್ಲ.

"ನಾನೆಲ್ಲಿ ಅಂದೆ? ಆಸ್ಪತ್ರೆ ಚೀಟೀಲೇ ಬರ್ದಿದಾರಲ್ಲ. ರೋಗಿಯ ಅಜಾಗರೂಕತೆ ಅಂತ. ನೀನೇ ಓದಿದ್ದು."

ಮಗಳು ಯಾರಿಗೂ ಅಲ್ಲದ ಹಾಗೆ, "ಡಾಕ್ಟ್ರಿಗೂ ಹಾಗೇ ಅಂದಳಂತೆ, ನನ್ನ ಕೈ ಜಾರಿತು ಅಂತ. ಇಷ್ಟು ಮಾಡಿ ಕೊನೇಲಿ ಯಾಕಮ್ಮ ಮೈಮರೆತೆ ಅಂತ ಕೇಳೋಣ ಅಂದ್ರೆ..." ಎಂದಳು.

ಫೋರ್‌ಮನ್ ಲೋಟ ಕೆಳಗಿಟ್ಟರು. "ನಾನು ನಂಬಲ್ಲ ತಾಯಿ. ಇಪ್ಪತ್ತೇಳು ವರ್ಷ ಆಸಿಡ್ ಬಗ್ಗಿಸಿದ ಕೈ ಅದು. ನನ್ನ ವರ್ಕ್‌ಶಾಪಲ್ಲಿ ಎಲ್ಲರಿಗೂ ಒಂದಲ್ಲ ಒಂದು ಸುಟ್ಟ ಗಾಯ ಇದೆ, ಅವಳಿಗೆ ಮಾತ್ರ ಇಲ್ಲ. ಮೀಟರಮ್ಮನ ಕೈ ಜಾರಿತು ಅಂದ್ರೆ ನನ್ನ ಕಿವಿಗೆ ಅದು ಹೋಗಲ್ಲ."

"ನಂಬದೇ ಇದ್ರೆ ಬದುಕಿ ಬರ್ತಾಳಾ? ಅಜಾಗರೂಕತೆ ಅಂದ್ಮೇಲೆ ಅಜಾಗರೂಕತೆ," ಎಂದಳು ದೊಡ್ಡಮ್ಮ.

ಡ್ರೈವರ್ ಗೋಡೆಗೆ ಒರಗಿ ಕೂತಿದ್ದ. ಕೈಯಲ್ಲಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು.

*

ಆಗ, ಆಸ್ಪತ್ರೆಗೆ ಸೇರುವ ಮೊದಲು, ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಮೂರು ದಿನವಾಗಿತ್ತು. ಮೂರು ದಿನವೂ ಮೋಡ. ಟಿವಿಯಲ್ಲಿ ದೊಡ್ಡ ಪಂದ್ಯವೊಂದಿತ್ತು. ಮಧ್ಯಾಹ್ನದಿಂದ ಡ್ರೈವರ್ ಅದರ ಮುಂದೆಯೇ ಕೂತಿದ್ದ. ಅವಳು ಮಲಗಿದ್ದಳು. ಮೂರು ತಿಂಗಳಿಂದ ಅವಳ ಬೆರಳುಗಳಿಗೆ ಸ್ಪರ್ಶ ಸರಿಯಾಗಿ ತಿಳಿಯುತ್ತಿರಲಿಲ್ಲ. ಹಾಗಾಗಿ ಕೊಳವೆ ಜೋಡಿಸುವ ಕೆಲಸ ಅವನದಾಗಿತ್ತು. ಖಾಲಿ ಕೊಳವೆ ಕೊಟ್ಟು ಒಂದು ತಿಂಗಳು ಕಲಿಸಿದ್ದಳು. ಚೆನ್ನಾಗಿಯೇ ಕಲಿತಿದ್ದ.

ಸಂಜೆ ಏಳಕ್ಕೆ ಎದ್ದವಳು ಮಲಗಿದ್ದಲ್ಲಿಂದಲೇ ಕೇಳಿದಳು. "ಬ್ಯಾಗು ತಟ್ಟೆ ಮೇಲೆ ಇಟ್ಟಿದೀರಾ?"

"ಇಟ್ಟು ಒಂದು ಗಂಟೆ ಆಯ್ತು."

"ಮೀಟರು ನೋಡಿದ್ರಾ?"

ಮೀಟರು ಇದ್ದುದು ಬಾಗಿಲ ಹತ್ತಿರ, ನಾಲ್ಕು ಹೆಜ್ಜೆ. "ನೋಡಿದೆ. ಹನ್ನೆರಡೂವರೆ ಇದೆ," ಎಂದ.

ಕಿಟಕಿ ಮುಚ್ಚಿದ. ಧೂಳು ಬರದ ಹಾಗೆ ದಪ್ಪ ಪರದೆ ಎಳೆದ. ಫ್ಯಾನು ಆರಿಸಿದ. ಮೊಣಕೈವರೆಗೆ ಕೈ ತೊಳೆದ. ಇಬ್ಬರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡರು. ಅವಳ ಹೊಟ್ಟೆಯ ಕೊಳವೆಯ ಮುಚ್ಚಳ ತೆಗೆದು, ಬ್ಯಾಗಿನ ಕೊಳವೆಯನ್ನು ಅದರ ಬಾಯಿಗೆ ತರುವಷ್ಟರಲ್ಲಿ ಟಿಕ್ ಎಂದು ಎಲ್ಲ ಆರಿತು. ದೀಪ, ಟಿವಿ, ತಟ್ಟೆ. ತನ್ನ ಕೈ ತನಗೆ ಕಾಣದಷ್ಟು ಕತ್ತಲು.

ಕತ್ತಲಲ್ಲಿ ಅವಳ ಮಾತು ಬಂತು. "ಹನ್ನೆರಡೂವರೆ ಅಂದ್ರಲ್ಲ."

ಬೆಚ್ಚಿಬಿದ್ದಾಗ ಅವನ ಹೆಬ್ಬೆರಳಿಗೆ ಏನೋ ತಾಗಿತ್ತು. ತಣ್ಣಗೆ, ಒದ್ದೆಯಾಗಿ, ಸೂಜಿಯ ಹಿಂತುದಿಯಷ್ಟು ಸಣ್ಣಗೆ. ಕೊಳವೆಯ ತುದಿಯೇ ಅದು.

"ಮುಟ್ತಾ?" ಎಂದಳು.

ಮುಟ್ಟಿತು ಎಂದರೆ ಜೋಡಿಸುವಂತಿಲ್ಲ. ಹಾಗೇ ಬಿಗಿದು ಕಟ್ಟಿ, ಎರಡು ಗಂಟೆ ಗಾಡಿ ಓಡಿಸಿ ಆಸ್ಪತ್ರೆಗೆ ಹೋಗಿ ಕೊಳವೆ ಬದಲಿಸಿಕೊಳ್ಳಬೇಕು, ಔಷಧಿ ಹಾಕಿಸಿಕೊಳ್ಳಬೇಕು. ಮಗಳಿಗೆ ಸುದ್ದಿ ಹೋಗುತ್ತದೆ. ಗಾಡಿ ಹೋಗುತ್ತದೆ. ಇಷ್ಟೆಲ್ಲ ಅವನು ಆ ಕ್ಷಣದಲ್ಲಿ ಯೋಚಿಸಿದನೇ? ಯೋಚಿಸಿದೆ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಯೋಚನೆಯೇ ಬಂದಿರಲಿಲ್ಲ. ಒಂದು ಸುಳ್ಳು ಆಗಷ್ಟೇ ಸಿಕ್ಕಿಬಿದ್ದಿತ್ತು, ನಾಲಿಗೆ ತನ್ನ ಹಳೇ ಚಾಳಿಗೆ ಹೊರಳಿತು, ಅಷ್ಟೇ.

"ಇಲ್ಲ," ಎಂದ.

ಮೊಬೈಲಿನ ಬೆಳಕಲ್ಲಿ ಜೋಡಿಸಿದ.

ಅದಾದ ಮೂರನೇ ದಿನ ಬೆಳಿಗ್ಗೆ ಹೊರಬಂದ ನೀರನ್ನು ಅವಳು ಎಂದಿನಂತೆ ಪೇಪರಿನ ಮೇಲಿಟ್ಟು ನೋಡಿದಳು. ಬ್ಯಾಗಿನ ಕೆಳಗಿನ ಅಕ್ಷರ ಓದಲು ಬಂದರೆ ಎಲ್ಲ ಸರಿ ಎಂದು ಲೆಕ್ಕ. ಅಕ್ಷರವಿರಲಿ, ಚಿತ್ರವೂ ಕಾಣಲಿಲ್ಲ. ಸೋಪು ಕದಡಿದ ಹಾಗಿತ್ತು ನೀರು. ಅವಳು ಅದನ್ನೇ ಬಹಳ ಹೊತ್ತು ನೋಡಿ, "ಗಾಡಿ ತೆಗೀರಿ," ಎಂದಳು. ಬೇರೇನೂ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಡ್ರೈವರ್ ಬಟ್ಟೆಯ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದ. "ನನ್ನ ಕೈ ಜಾರಿತು ಡಾಕ್ಟ್ರೇ," ಎಂದಳು ಅವಳು. "ಬೆರಳಿಗೆ ಸ್ಪರ್ಶ ಇಲ್ಲ ನೋಡಿ." ಅವನ ಕಡೆ ತಿರುಗಿಯೂ ನೋಡಲಿಲ್ಲ. ಜೀವನವಿಡೀ ಅವನ ಇಲ್ಲಗಳನ್ನು ಹೊಟ್ಟೆಗೆ ಹಾಕಿಕೊಂಡವಳು ಇದನ್ನೂ ಹಾಗೇ ಹಾಕಿಕೊಂಡಳು.

ನಾಲ್ಕನೇ ದಿನ ಮಾತ್ರ ಜ್ವರದ ನಡುವೆ ಕಣ್ಣು ತೆರೆದು, "ಗಾಡಿ ಬಿಸಿಲಲ್ಲಿ ನಿಲ್ಸಿದೀರಾ?" ಎಂದು ಕೇಳಿದಳು. "ಬಿಸಿಲಲ್ಲೇ ಇದೆ," ಎಂದ. ಮಧ್ಯಾಹ್ನದ ಹೊತ್ತಿಗೆ ಓಣಿಗೆ ಬಿಸಿಲು ಬೀಳುತ್ತಿತ್ತು. ಆ ಐದು ದಿನದಲ್ಲಿ ಅವಳಿಗೆ ಹೇಳಿದ್ದರಲ್ಲಿ ಅದೊಂದು ನಿಜ.

*

"ಅವಳ ಕೈ ಜಾರಲಿಲ್ಲ," ಎಂದ ಡ್ರೈವರ್.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. "ಏನಂದ್ರಿ?" ಎಂದಳು ದೊಡ್ಡಮ್ಮ.

"ಕೊಳವೆ ಹಿಡ್ಕೊಂಡಿದ್ದು ನಾನು. ಮಧ್ಯಾಹ್ನದಿಂದ ಟಿವಿ ಹಾಕ್ಕೊಂಡು ಬ್ಯಾಟರಿ ಖಾಲಿ ಮಾಡಿದ್ದೆ. ಮೀಟರು ನೋಡಿಲ್ಲ, ನೋಡಿದೆ ಅಂದೆ. ಮಧ್ಯದಲ್ಲಿ ದೀಪ ಹೋಯ್ತು. ನನ್ನ ಹೆಬ್ಬೆರಳು ತಾಗ್ತು." ಚಹಾದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಕೈಯಲ್ಲೇ ಹಿಡಿದುಕೊಂಡಿದ್ದ. "ಅವಳದ್ದೇನೂ ತಪ್ಪಿಲ್ಲ. ಚೀಟೀಲಿ ಬರೆದಿರೋದು ಸುಳ್ಳು."

ಮಗಳು ಅವನ ಎದುರಿಗೆ ಬಂದು ನೆಲದ ಮೇಲೆ ಕೂತಳು. ಸಣ್ಣ ಮಕ್ಕಳನ್ನು ವಿಚಾರಿಸುವ ಹಾಗೆ, ನಿಧಾನಕ್ಕೆ ಕೇಳಿದಳು.

"ತಾಗಿದ್ದು ನಿನಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಅಮ್ಮ ಕೇಳಲಿಲ್ವಾ?"

"ಕೇಳಿದ್ಲು."

"ಏನಂದೆ?"

ಡ್ರೈವರ್ ಬಾಯಿ ತೆರೆದ. ಅರವತ್ತಾರು ವರ್ಷ ಅಷ್ಟು ಸಲೀಸಾಗಿ ಬಂದಿದ್ದ ಮಾತು ಈಗ ಹೊರಬರಲು ಬಹಳ ಹೊತ್ತು ಹಿಡಿಯಿತು.

"ಇಲ್ಲ ಅಂದೆ."

ಮಗಳು ಎದ್ದು ಒಳಗೆ ಹೋದಳು. ಅಳಿಯ ಅವಳ ಹಿಂದೆ ಹೋದವನು ಹಾಗೇ ವಾಪಸು ಬಂದ. ದೊಡ್ಡಮ್ಮ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಫೋರ್‌ಮನ್ ಊರುಗೋಲು ಹಿಡಿದು ಎದ್ದರು. ಡ್ರೈವರ್ ಹತ್ತಿರ ಬಂದು ಏನೋ ಹೇಳಲು ಬಗ್ಗಿದರು. "ನಾನು ಹೇಳಿದ್ನಲ್ಲ, ಅವಳ ಕೈ ಅಲ್ಲ ಅಂತ," ಎಂದರು. ಅಷ್ಟೇ ಹೇಳಿ ಚಪ್ಪಲಿ ಹುಡುಕಿಕೊಂಡು ಹೊರಟುಹೋದರು.

ಒಬ್ಬೊಬ್ಬರೇ ಎದ್ದು ಹೋದರು. ಡ್ರೈವರ್ ಹೊರಗೆ ಬಂದ. ಸ್ಮಶಾನದಿಂದ ಬರುವಾಗ ಗಾಡಿಯನ್ನು ಓಣಿಯ ಬಾಯಲ್ಲಿ, ಚರಂಡಿಯ ಪಕ್ಕ ನಿಲ್ಲಿಸಿದ್ದ. ಅದರ ಬಾಗಿಲು ತೆರೆದಿತ್ತು. ಹಿತ್ತಿಲ ಕಡೆಯಿಂದ ಹೊರಬಂದಿದ್ದ ಮಗಳು ಗಾಡಿಯೊಳಗಿಂದ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ರಸ್ತೆಗೆ ತರುತ್ತಿದ್ದಳು. ತಿಂಗಳ ಮೊದಲ ವಾರದಲ್ಲಿ ತಂದಿಟ್ಟ ಹೊಸ ಬ್ಯಾಗುಗಳು. ಒಮ್ಮೆ ಕೊಟ್ಟದ್ದನ್ನು ಆಸ್ಪತ್ರೆಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಅಡುಗೆಮನೆಯ ಕತ್ತರಿಯಿಂದ ಒಂದರ ಮೂಲೆ ಕತ್ತರಿಸಿದಳು. ಎರಡು ಲೀಟರ್ ನೀರು ಗಳಗಳ ಸುರಿದು ಓಣಿಯ ಇಳಿಜಾರಿನಲ್ಲಿ ಹರಿಯಿತು. ಖಾಲಿ ಚೀಲ ಪಕ್ಕಕ್ಕೆಸೆದು ಇನ್ನೊಂದನ್ನು ತೆಗೆದಳು. ಅಳುತ್ತಿರಲಿಲ್ಲ. ಕೆಲಸ ಮಾಡುವವರ ಮುಖವಿತ್ತು.

ಹತ್ತೋ ಹನ್ನೆರಡೋ ಆದಮೇಲೆ ಡ್ರೈವರ್ ಹತ್ತಿರ ಹೋಗಿ, ಪೆಟ್ಟಿಗೆಯಿಂದ ಒಂದು ಬ್ಯಾಗು ಎತ್ತಿಕೊಡಲು ಬಗ್ಗಿದ.

"ನೀವು ಮುಟ್ಬೇಡಿ," ಎಂದಳು ಮಗಳು.

ಮಾತು ಕಲಿತಂದಿನಿಂದ ಅಪ್ಪನನ್ನು 'ನೀನು' ಎಂದೇ ಕರೆದವಳು. ಡ್ರೈವರ್ ಕೈ ಹಿಂದಕ್ಕೆ ತೆಗೆದುಕೊಂಡ.

ಅವಳು ಕೊನೆಯ ಬ್ಯಾಗನ್ನೂ ಮುಗಿಸಿ, ಚೀಲಗಳನ್ನು ಮಡಿಚಿ ಕಟ್ಟಿ, ಕತ್ತರಿ ಹಿಡಿದು ಮನೆಯೊಳಗೆ ಹೋದಳು. ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು. ಡ್ರೈವರ್ ಗಾಡಿಯ ಮೆಟ್ಟಿಲ ಮೇಲೆ ಕೂತ. ಮಧ್ಯಾಹ್ನದ ಬಿಸಿಲು ಚುರುಕಾಗಿತ್ತು. ನೀರು ಬೇಗ ಒಣಗಿತು. ಅದು ಬರಿಯ ನೀರಲ್ಲ, ಅದರಲ್ಲಿ ಸಕ್ಕರೆಯಂಶ ಇರುತ್ತದೆ. ಒಣಗಿದ ಜಾಗವೆಲ್ಲ ತುಸು ಅಂಟಂಟಾಗಿ ಹೊಳೆಯಿತು. ಮೊದಲು ಗೋಡೆಯ ಬಿರುಕಿನಿಂದ ಒಂದು ಇರುವೆ ಬಂತು, ಆಮೇಲೆ ನಾಲ್ಕು. ಬಿಸಿಲು ಇಳಿಯುವ ಹೊತ್ತಿಗೆ ಗಾಡಿಯ ಮೆಟ್ಟಿಲಿನಿಂದ ಚರಂಡಿಯವರೆಗೆ, ನೀರು ಹರಿದಿದ್ದ ದಾರಿಯುದ್ದಕ್ಕೂ, ಕರಿದಾರ ಎಳೆದ ಹಾಗೆ ಇರುವೆಯ ಸಾಲು ಮುತ್ತಿಕೊಂಡಿತ್ತು. ಅವನು ಕಾಲು ಮೇಲಕ್ಕೆತ್ತಿ ಇಟ್ಟುಕೊಂಡು, ಅವಕ್ಕೆ ದಾರಿ ಬಿಟ್ಟು, ಕೂತೇ ಇದ್ದ.